ಅರ್ಥಶಾಸ್ತ್ರಕ್ಕೆ ಅಡ್ಡ ಬಂದ ಕನ್ನಡ ಪತ್ರಿಕೆ

ಅರ್ಥಶಾಸ್ತ್ರದ ಪದವಿಗೆ ಸೇರಬೇಕೆಂದು ನಾನು ತೀರ್ಮಾನಿಸಿದ್ದು ನವುಲೆಯಲ್ಲಿ, ಕೃಷಿ ಕಾಲೇಜಿನ ಆವರಣದಲ್ಲಿ, ಬೆಳಗಿನ ವಾಕಿಂಗ್ ನಡುವೆ. ಕಾರಣ ಟೊಮೆಟೊ.

ನಿವೃತ್ತನಾದ ಮೇಲೆ ನಾವು ಗಂಡ ಹೆಂಡತಿ ಭದ್ರಾವತಿ ಬಿಟ್ಟು ಶಿವಮೊಗ್ಗಕ್ಕೆ ಬಂದೆವು. ದುಡಿಮೆಯ ಕಾಲವನ್ನೆಲ್ಲ ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ವಿಭಾಗದಲ್ಲಿ ಕಳೆದವನು. ಐಟಿಐ ಮುಗಿಸಿ ಫಿಟ್ಟರ್ ಆಗಿ ಒಳಗೆ ಹೋದೆ, ಪಾಳಿಯ ಮೇಲ್ವಿಚಾರಕನಾಗಿ ಹೊರಗೆ ಬಂದೆ. ಅಲ್ಲಿ ಸೈರನ್ ಕೂಗಿದರೆ ಏಳುವುದು, ಕೂಗಿದರೆ ಉಣ್ಣುವುದು, ಕೂಗಿದರೆ ಮನೆಗೆ ಹೊರಡುವುದು. ಬಹಳ ಒಳ್ಳೆಯ ವ್ಯವಸ್ಥೆ. ಈಗಲೂ ಕುಕ್ಕರ್ ಸೀಟಿ ಹೊಡೆದರೆ ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತೇನೆ ಎಂದು ಹೆಂಡತಿ ನೆಂಟರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಹಾಗಾಗಿದ್ದು ಒಂದೇ ಸಲ.

ವಾಕಿಂಗ್‌ನಲ್ಲಿ ನನಗೆ ಜೊತೆಗಾರರೊಬ್ಬರಿದ್ದಾರೆ. ದುರ್ಗಿಗುಡಿಯಿಂದ ಸ್ಕೂಟರಿನಲ್ಲಿ ಬಂದು, ಸ್ಕೂಟರ್ ನಿಲ್ಲಿಸಿ, ಆಮೇಲೆ ನಡೆಯುವವರು. ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಆ ದಿನ ಟೊಮೆಟೊ ದುಬಾರಿಯಾಗಿತ್ತು.

"ಬೆಲೆ ಏರಿದ್ರೆ ಬೇಡಿಕೆ ಇಳಿಯುತ್ತೆ. ಅದು ನಿಯಮ" ಎಂದರು ಮೇಷ್ಟ್ರು.

"ನಮ್ಮನೇಲಿ ಇಳಿದಿಲ್ಲ. ನಿನ್ನೆನೂ ಟೊಮೆಟೊ ಸಾರೇ" ಎಂದೆ.

"ನಿಮ್ಮನೆ ಸಾರು ನಿಯಮ ಅಲ್ಲ ಮಾರಾಯ್ರೇ."

"ಹಂಗಾದ್ರೆ ನಿಯಮ ನಮ್ಮನೆ ಗೇಟಲ್ಲೇ ನಿಂತುಬಿಡುತ್ತಾ? ನಾನು ಹೇಳೋದು ಏನಂದ್ರೆ..."

"ಅದನ್ನ ಹೇಳೋಕೆ ಎಕನಾಮಿಕ್ಸ್ ಓದಿರಬೇಕು."

ಇದು ಒಂದು ದಿನದ ಮಾತಲ್ಲ. ಅಡಿಕೆ ಧಾರಣೆ ಇರಲಿ, ಬಸ್ ಚಾರ್ಜಿರಲಿ, ಹೂಕೋಸಿರಲಿ, ನಾನು "ಹೇಳೋದು ಏನಂದ್ರೆ" ಎನ್ನುವಷ್ಟರಲ್ಲಿ ಮೇಷ್ಟ್ರು ಈ ಮಾತನ್ನು ಗೇಟಿನ ಹಾಗೆ ಅಡ್ಡ ಇಳಿಸುತ್ತಿದ್ದರು. ಕಾರ್ಖಾನೆಯಲ್ಲಿ ನಾನು ಹೇಳಿದ ಮಾತಿಗೆ ಕ್ರೇನು ಅಲುಗಾಡುತ್ತಿತ್ತು. ನಿವೃತ್ತನಾದ ಮೇಲೆ ಒಂದು ವಾಕ್ಯವನ್ನೂ ಕೊನೆ ಮುಟ್ಟಿಸಲು ಆಗಿರಲಿಲ್ಲ. ನನಗೆ ಬೇಕಾಗಿದ್ದು ಇಷ್ಟೇ, ಆ ವಾಕ್ಯ ಮುಗಿಯಬೇಕು. ಅದಕ್ಕೆ ಎಕನಾಮಿಕ್ಸ್ ಓದಿರಬೇಕು ಎಂದಾದರೆ ಓದುವುದು. ಇದರಲ್ಲಿ ಚರ್ಚೆಗೇನಿದೆ?

ಹೆಂಡತಿಗೆ ಚರ್ಚೆಗೆ ಬಹಳ ಇತ್ತು. ಅವಳು ಬಿ.ಎ. ಮಾಡಿದವಳು.

"ಓದೋದೇ ಆದ್ರೆ ಹಿಸ್ಟರಿ ತಗೊಳ್ರೀ, ಕಥೆ ಥರ ಇರುತ್ತೆ."

"ನಂಗೆ ರಾಜರ ಜೊತೆ ಏನೂ ಜಗಳ ಇಲ್ಲ."

"ಓಹೋ. ಓದೋದು ಜಗಳಕ್ಕಾ?"

ನಾನು ಶರ್ಟು ಇಸ್ತ್ರಿ ಮಾಡಿಕೊಂಡು ಹೊರಟೆ.

ದೂರಶಿಕ್ಷಣದ ಕೇಂದ್ರ ಶಿವಮೊಗ್ಗದಲ್ಲೇ ಇತ್ತು. ಕೌಂಟರಿನ ಹುಡುಗಿ ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಎಂದು ಒಂದೊಂದಾಗಿ ಹೇಳುತ್ತಾ ಬಂದಳು. ಅರ್ಥಶಾಸ್ತ್ರ ಬಂದ ಕೂಡಲೇ ಕೈ ಎತ್ತಿ ನಿಲ್ಲಿಸಿದೆ.

"ಯಾರಿಗೆ ಸರ್, ಮೊಮ್ಮಗಳಿಗಾ?"

"ನನಗೆ."

ಅವಳು ಪೆನ್ನು ಕೆಳಗಿಟ್ಟಳು. "ಪಿಯುಸಿ ಆಗಿದೆಯಾ ಸರ್?"

"ಐಟಿಐ. ಫಸ್ಟ್ ಕ್ಲಾಸು."

"ಐಟಿಐ ಆದೋರು ಪಿಯುಸಿಯ ಎರಡು ಭಾಷಾ ಪತ್ರಿಕೆ ಪಾಸ್ ಮಾಡಿದ್ರೆ ಪಿಯುಸಿಗೆ ಸಮ ಅಂತ ತಗೋತೀವಿ. ಕನ್ನಡ, ಇಂಗ್ಲಿಷ್. ಅಡ್ಮಿಷನ್ ಮುಗಿಯೋದ್ರೊಳಗೆ ಪಾಸ್ ಮಾಡ್ಕೊಂಡು ಬನ್ನಿ."

"ಗಣಿತ ಬೇಡ್ವಾ?"

"ಈ ಬಿ.ಎ.ಗೆ ಬೇಡ ಸರ್."

ನನಗೆ ಸ್ವಲ್ಪ ನಿರಾಸೆಯಾಯಿತು. ಗಣಿತಕ್ಕೆ ನಾನು ಮನಸ್ಸಿನಲ್ಲೇ ವೇಳಾಪಟ್ಟಿ ಹಾಕಿಬಿಟ್ಟಿದ್ದೆ. ಆ ಸಮಯವನ್ನೆಲ್ಲ ಇಂಗ್ಲಿಷಿಗೆ ವರ್ಗಾಯಿಸಿದೆ. ಕನ್ನಡಕ್ಕೆ ಸಮಯ ಕೊಡಲಿಲ್ಲ. ಹುಟ್ಟಿದಾಗಿನಿಂದ ಆಡುವ ಭಾಷೆಗೆ ವೇಳಾಪಟ್ಟಿ ಹಾಕುವುದು ನನಗೆ ಅವಮಾನವೆನಿಸಿತು. ಪಠ್ಯಪುಸ್ತಕವನ್ನು ಒಮ್ಮೆ ಓದಿ, ಯಾರು ಸತ್ತರು, ಯಾರು ಅತ್ತರು ಎಂದು ಗುರುತು ಹಾಕಿಕೊಂಡೆ.

ಖಾಸಗಿ ಅಭ್ಯರ್ಥಿಯಾದ ನನಗೆ ಪರೀಕ್ಷಾ ಕೇಂದ್ರ ಸಿಕ್ಕಿದ್ದು ಭದ್ರಾವತಿಯಲ್ಲಿ. ಹಳೆಯ ಊರು, ಒಳ್ಳೆಯದೇ ಆಯಿತು ಎಂದುಕೊಂಡು ತುಂಬುತೋಳಿನ ಬಿಳಿ ಶರ್ಟು ಹಾಕಿಕೊಂಡು ಬೇಗನೆ ಹೋದೆ. ಕೊಠಡಿಗೆ ಕಾಲಿಡುತ್ತಲೇ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು. ಮೇಲ್ವಿಚಾರಣೆಗೆ ಬಂದಿದ್ದ ಮೇಡಂ ಖಾಲಿ ಉತ್ತರ ಪತ್ರಿಕೆಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು, "ಹಂಚ್ತಾ ಇರಿ ಸರ್, ಒಂದ್ನಿಮಿಷ ಬಂದೆ" ಎಂದು ಹೊರಗೆ ಹೋದರು. ಕೆಲಸ ವಹಿಸಿದ ಮೇಲೆ ಪ್ರಶ್ನೆ ಕೇಳುವುದು ನನ್ನ ಪದ್ಧತಿಯಲ್ಲ. ಹಂಚಿದೆ. ಸೊಟ್ಟಗಿದ್ದ ಬೆಂಚು ಸರಿ ಮಾಡಿಸಿದೆ. ಒಬ್ಬನಿಗೆ ಬೆನ್ನು ನೆಟ್ಟಗಿಟ್ಟು ಕೂರಲು ಹೇಳಿದೆ. ಎಲ್ಲ ಮುಗಿದ ಮೇಲೆ ನನ್ನ ಜಾಗದಲ್ಲಿ ಹೋಗಿ ಕೂತೆ.

ಪಕ್ಕದ ಹುಡುಗಿ ಗಾಬರಿಯಾಗಿ, "ಸರ್, ಅಲ್ಲಿ ಯಾರೋ ಕ್ಯಾಂಡಿಡೇಟ್ ಬರ್ಬೇಕು" ಎಂದಳು.

"ಬಂದಾಯ್ತು" ಎಂದೆ.

ಫಲಿತಾಂಶವನ್ನು ಹೆಂಡತಿ ಮೊಬೈಲಿನಲ್ಲಿ ನೋಡಿದಳು. ಇಂಗ್ಲಿಷ್ ಪಾಸ್. ಕನ್ನಡ ಫೇಲ್. ಅವಳು ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಆಮೇಲೆ ಸೋಫಾದ ಮೇಲೆ ಕೂತು ನಗಲು ಶುರು ಮಾಡಿದವಳು, ನಗುತ್ತಲೇ ತಂಗಿಗೆ ಫೋನ್ ಹಚ್ಚಿದಳು.

ವಾಕಿಂಗ್‌ನಲ್ಲಿ ಮೇಷ್ಟ್ರದು ಒಂದು ಸುತ್ತು ಪೂರ್ತಿ ಒಂದೇ ಮಾತು. "ಕನ್ನಡದಲ್ಲಾ? ಕನ್ನಡದಲ್ಲಾ ಮಾರಾಯ್ರೇ?" ಗಿಡಕ್ಕೆ ನೀರು ಬಿಡುತ್ತಿದ್ದವನಿಗೂ ನಿಂತು ಹೇಳಿದರು.

ತಪ್ಪು ಆಗಿದ್ದು ತಿದ್ದಿದವರ ಕಡೆಯಿಂದ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಉತ್ತರ ಪತ್ರಿಕೆಯ ಪ್ರತಿ ತರಿಸಿ ಹೆಂಡತಿಯ ಮುಂದಿಟ್ಟೆ. ಪರೀಕ್ಷೆಯಲ್ಲಿ ಬಂದಿದ್ದ ಪದ್ಯದಲ್ಲಿ, ಯುದ್ಧಕ್ಕೆ ಹೋದ ಗಂಡನಿಗಾಗಿ ಒಬ್ಬ ಹೆಂಗಸು ನದಿ ದಡದಲ್ಲಿ ಕಾಯುತ್ತಾಳೆ. ಪದ್ಯದ ಸ್ವಾರಸ್ಯ ವಿವರಿಸಿ ಎಂಬುದು ಪ್ರಶ್ನೆ. ಹೆಂಡತಿ ನನ್ನ ಉತ್ತರವನ್ನು ಗಟ್ಟಿಯಾಗಿ ಓದಿದಳು.

"ಸ್ಥಳ, ನದಿ ದಡ. ಹಾಜರಿ, ಹೆಂಗಸು ಒಬ್ಬಳು. ಗೈರುಹಾಜರಿ, ಗಂಡ. ಕಾರಣ, ಯುದ್ಧ. ಸ್ಥಿತಿ, ಅಳು, ನಿರಂತರ. ಬೇರೆ ಹಾನಿ ಇಲ್ಲ. ಮುಂದಿನ ಪಾಳಿಗೆ ಸೂಚನೆ, ಗಮನಿಸುತ್ತಿರಬೇಕು."

ಅವಳು ಕಾಗದದಿಂದ ತಲೆ ಎತ್ತಿದಳು. "ಮುಂದಿನ ಪಾಳಿ ಯಾರ್ರೀ?"

"ಪೇಪರ್ ತಿದ್ದೋರು."

"ಅಯ್ಯೋ ನನ್ನ ಕರ್ಮವೇ!"

ನಾನು ಸಮಾಧಾನವಾಗಿ ವಿವರಿಸಿದೆ. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಹೋಗುವವನು ಬರುವವನಿಗಾಗಿ ವರದಿ ಬರೆದಿಡಬೇಕು. ಏನಾಯಿತು, ಎಲ್ಲಿ, ಹಾನಿ ಎಷ್ಟು, ಮುಂದೇನು. ಬೆನ್ನ ಹಿಂದೆ ಕಬ್ಬಿಣ ಕುದಿಯುತ್ತಿರುವಾಗ ಯಾರೂ ಸ್ವಾರಸ್ಯ ಓದುತ್ತಾ ಕೂರುವುದಿಲ್ಲ. ನನ್ನ ವರದಿಯ ಬಗ್ಗೆ ಅಷ್ಟು ವರ್ಷ ಯಾವ ಇಂಜಿನಿಯರೂ ದೂರಿಲ್ಲ.

"ಆ ಹೆಂಗಸು ಕಬ್ಬಿಣ ಅಲ್ಲ" ಎಂದಳು ಹೆಂಡತಿ. ಪ್ರಬಂಧದ ಪುಟ ತಿರುವಿದಳು. ವಿಷಯ, ನಾನು ಕಂಡ ಮಳೆಗಾಲ. ನಾನು ಬರೆದದ್ದು, "ಮಳೆ ಬಂತು. ಪ್ರಮಾಣ ಸಾಕಷ್ಟು. ಕೊಡೆ ಇತ್ತು." ಅವಳು ಮತ್ತೆ ತಂಗಿಗೆ ಫೋನ್ ಹಚ್ಚಿದಳು.

ಮರುಪರೀಕ್ಷೆ ಹತ್ತಿರದಲ್ಲೇ ಇತ್ತು. ಅದರ ಫಲಿತಾಂಶದ ಬೆನ್ನಿಗೇ ವಿಶ್ವವಿದ್ಯಾಲಯದ ಪ್ರವೇಶ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಒಂದು ವರ್ಷ ಮೇಷ್ಟ್ರ ಜೊತೆ ಬಾಯಿ ಮುಚ್ಚಿಕೊಂಡು ನಡೆಯಬೇಕು. ಹೆಂಡತಿಯನ್ನು ಕಲಿಸಲು ಕೇಳಿಕೊಂಡೆ. ಸಂಗತಿಯನ್ನು ಬೆಳೆಸಿ ಹೇಳುವ ವಿದ್ಯೆಯಲ್ಲಿ ಅವಳನ್ನು ಮೀರಿಸಿದವರು ಶಿವಮೊಗ್ಗದಲ್ಲಿ ಇರಲಾರರು. ಗ್ಯಾಸ್ ಸಿಲಿಂಡರ್ ಬಂತು ಎಂಬ ಸಂಗತಿಯನ್ನು ಅವಳು ತಂಗಿಗೆ ಹೇಳಲು ತೊಡಗಿದರೆ, ಸಿಲಿಂಡರ್ ಬಾಗಿಲು ದಾಟುವಷ್ಟರಲ್ಲಿ ನನ್ನ ಊಟ ಮುಗಿದು ನಿದ್ದೆಯೂ ಆಗಿರುತ್ತದೆ.

ಶಿಸ್ತಿನಲ್ಲೂ ಅವಳು ಕಡಿಮೆಯಿರಲಿಲ್ಲ. ಅಂಶವಾರು ಬರೆಯುವುದು ನಿಷೇಧ. ಗೀಟು ಎಳೆಯುವುದು ನಿಷೇಧ. ಸ್ಕೇಲನ್ನು ಅವಳು ಅಡುಗೆಮನೆಯಲ್ಲಿ ಬಚ್ಚಿಟ್ಟಳು. ಹಾಲು ತಂದೆ ಎಂದು ನಾನು ಹೇಳಿದರೆ, ದಾರಿಯಲ್ಲಿ ಯಾರು ಸಿಕ್ಕರು, ಏನು ಕೇಳಿದರು, ಅದನ್ನೂ ಹೇಳಬೇಕು, ಇಲ್ಲದಿದ್ದರೆ ಕಾಫಿ ಇಲ್ಲ. ಎರಡು ದಿನ ನಾನು ಕಾಫಿಯಿಲ್ಲದೆ ಇದ್ದೆ. ಮೂರನೆಯ ದಿನ ದಾರಿಯಲ್ಲಿ ಗುರುತಿನವರು ಯಾರೂ ಸಿಗಲಿಲ್ಲ. ನಾನೇ ಒಬ್ಬರನ್ನು ನಿಲ್ಲಿಸಿ ಮಾತಾಡಿಸಿಕೊಂಡು ಬಂದೆ.

ಆ ನಡುವೆ ಭದ್ರಾವತಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬನ ಮನೆಯ ಗೃಹಪ್ರವೇಶಕ್ಕೆ ಹೋದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು, "ಹೇಳಿ ನೋಡೋಣ" ಎಂದಳು.

"ಹೋದ್ವಿ. ಉಂಡ್ವಿ. ಬರ್ತಾ ಇದ್ದೀವಿ."

"ಹೋಳಿಗೆ ಹೆಂಗಿತ್ತು?"

"ಸರಿಯಾಗಿತ್ತು."

"ತುಪ್ಪ ಬಡಿಸೋನು ನಿಮ್ಮೆಲೆ ಬಿಟ್ಟು ಮುಂದೆ ಹೋದ್ನಲ್ಲ, ಆಗ ಏನನ್ನಿಸ್ತು?"

ನಾನು ಕಿಟಕಿಯ ಕಡೆ ತಿರುಗಿದೆ. ಅನ್ನಿಸಿತ್ತು. ಬಹಳ ಅನ್ನಿಸಿತ್ತು.

"ಏನಿಲ್ಲ. ಮರೆತು ಹೋಗಿರ್ತಾನೆ ಅಂದ್ಕೊಂಡೆ."

"ಆಮೇಲೆ?"

"ತಿರುಗಿ ನೋಡ್ತಾನೆ ಅಂದ್ಕೊಂಡೆ."

"ನೋಡಿದ್ನಾ?"

"ಎದುರು ಸಾಲಿಗೆ ಹೋಗ್ಬಿಟ್ಟ." ನಾನು ಅವಳ ಕಡೆ ತಿರುಗಿದೆ. "ಅಲ್ಲಿ ಒಬ್ಬನಿಗೆ ಎರಡು ಸಲ ಬಡಿಸಿದ. ಅವನು ಬೇಡ ಬೇಡ ಅಂತ ಕೈ ಅಡ್ಡ ಹಿಡೀತಿದ್ದ, ಆದ್ರೂ ಬಡಿಸಿದ. ನಂದು ಹೋಳಿಗೆ ಆರ್ತಾ ಇತ್ತು."

"ನಿಲ್ಸಿ!" ಎಂದಳು ಹೆಂಡತಿ. ಕಂಡಕ್ಟರ್ ತನಗೇ ಹೇಳಿದ್ದೆಂದು ತಿಳಿದು ಸೀಟಿ ಊದಿದ, ಬಸ್ಸು ನಿಂತಿತು. ಅವನಿಗೆ ಕೈಮುಗಿದು ಮುಂದೆ ಕಳಿಸಿ, ಅವಳು ನನಗೆ ಹೇಳಿದಳು, "ಇದನ್ನೇ ಮನೆಗೆ ಹೋಗಿ ಬರೀರಿ. ಆ ನದಿ ದಡದೋಳಿಗೂ ಇದೇ ಆಗಿದ್ದು."

ಮನೆಗೆ ಹೋಗಿ ಬರೆದೆ. ಬರೆದಂತೆ ಸಿಟ್ಟು ಬಂತು, ಸಿಟ್ಟು ಬಂದಂತೆ ವಾಕ್ಯ ಉದ್ದವಾಯಿತು. ತುಪ್ಪದ ಮೇಲೆಯೇ ಮೂರು ಪುಟ ಆದವು.

ಮರುಪರೀಕ್ಷೆಯಲ್ಲೂ ಅದೇ ಪದ್ಯ ಬಂತು. ಗಂಡ ಇನ್ನೂ ಬಂದಿರಲಿಲ್ಲ. ಈ ಸಲ ಆ ಹೆಂಗಸಿನ ಕಷ್ಟ ನನಗೆ ಪೂರ್ತಿ ಅರ್ಥವಾಗಿತ್ತು. ಯಾರೋ ಒಬ್ಬ ನಮ್ಮ ಮುಂದೆಯೇ ಹಾದುಹೋಗಿ, ಇನ್ನೇನು ತಿರುಗಿ ಬರುತ್ತಾನೆಂದು ನಾವು ನಂಬಿ, ಕೈಯನ್ನು ಎಲೆಯಿಂದ ಹಿಂದೆಗೆದುಕೊಳ್ಳಲೂ ಆಗದೆ, ತುತ್ತು ಎತ್ತಲೂ ಆಗದೆ ಕೂರುವ ಆ ಸ್ಥಿತಿ ಎಂದು ಶುರು ಮಾಡಿದವನು, ಹೆಚ್ಚುವರಿ ಹಾಳೆ ಕೇಳಿದೆ. ಇನ್ನೊಮ್ಮೆ ಕೇಳಿದೆ. ಮೇಲ್ವಿಚಾರಣೆಗೆ ಹಿಂದಿನ ಸಲದ ಮೇಡಂ ಅವರೇ ಬಂದಿದ್ದರು. ಹಾಳೆ ಕೊಡುತ್ತಾ, "ಇವತ್ತು ಹಂಚೋದಿಲ್ವಾ ಸರ್?" ಎಂದು ಕೇಳಿದರು. ನನಗೆ ಪುರಸೊತ್ತಿರಲಿಲ್ಲ.

ಕೊನೆಯ ಗಂಟೆ ಹೊಡೆಯಿತು. ಗಂಟೆಯೋ ಸೈರನ್ನೋ ಕೇಳಿದ ಕೂಡಲೇ ಏಳದೆ ಇದ್ದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಎಲ್ಲರೂ ಎದ್ದು ಹೊರಟರು. ನಾನು ಬರೆಯುತ್ತಲೇ ಇದ್ದೆ. ಮೇಡಂ ಪತ್ರಿಕೆಯ ಆ ತುದಿ ಹಿಡಿದು ಎಳೆದರು, ನಾನು ಈ ತುದಿಯಲ್ಲಿ ಇನ್ನೊಂದು ಪದ ಸೇರಿಸಿದೆ.

ಪಾಸಾದೆ. ಅಂಕ ಎಷ್ಟೆಂದು ಹೆಂಡತಿ ಓಣಿಗೆಲ್ಲ ಹೇಳಿದ್ದರಿಂದ ಇಲ್ಲಿ ಮತ್ತೆ ಹೇಳುವುದಿಲ್ಲ. ಪ್ರವೇಶದ ಕೊನೆಯ ದಿನ ಕೇಂದ್ರಕ್ಕೆ ಹೋಗಿ ಕೌಂಟರಿನ ಹುಡುಗಿಯ ಮುಂದೆ ನಿಂತೆ. ಕನ್ನಡ ಪತ್ರಿಕೆ ಹೇಗಿತ್ತೆಂದು ಅವಳು ಸೌಜನ್ಯಕ್ಕೆ ಕೇಳಿದಳು. ನಾನು ಹೇಳಲು ತೊಡಗಿದೆ. ಹಿಂದಿನ ಸಾಲಿನಿಂದ ಯಾರೋ, "ಅಜ್ಜಾ, ನಮಗೂ ಇವತ್ತೇ ಲಾಸ್ಟ್ ಡೇಟು" ಎಂದು ಕೂಗಿದ ಮೇಲೆ ರಸೀದಿ ತೆಗೆದುಕೊಂಡು ಹೊರಬಂದೆ.

ಮರುದಿನ ಬೆಳಿಗ್ಗೆ ನವುಲೆಯಲ್ಲಿ ಮೇಷ್ಟ್ರು ಸ್ಕೂಟರ್ ನಿಲ್ಲಿಸಿ ಕೆಳಗಿಳಿಯುವ ಮೊದಲೇ ಪ್ರವೇಶದ ರಸೀದಿಯನ್ನು ಅವರ ಕಣ್ಣೆದುರು ಹಿಡಿದೆ. ಅವರು ಹೆಲ್ಮೆಟ್ ತೆಗೆದು ಓದಿದರು. ವಿಷಯ, ಅರ್ಥಶಾಸ್ತ್ರ.

"ಆಯ್ತು ಮಾರಾಯ್ರೇ, ಗೆದ್ರಿ" ಎಂದರು. "ಈಗ ಹೇಳಿ. ಆವತ್ತು ಟೊಮೆಟೊ ಬಗ್ಗೆ ಏನೋ ಹೇಳ್ತಾ ಇದ್ರಲ್ಲ."

ನಾನು ಗಂಟಲು ಸರಿ ಮಾಡಿಕೊಂಡೆ.

"ನಾನು ಹೇಳೋದು ಏನಂದ್ರೆ, ಆವತ್ತು ಬೆಳಿಗ್ಗೆ ನಮ್ಮನೆಯೋಳು ಎದ್ದಾಗ್ಲೇ ಅವಳ ಮುಖ ಒಂಥರಾ ಇತ್ತು. ಯಾಕಂದ್ರೆ ಹಿಂದಿನ ದಿನ ಅವಳ ತಂಗಿ ಫೋನ್ ಮಾಡಿ, ತಮ್ಮನೇಲಿ ಸಾರಿಗೆ ಹುಣಸೆಹಣ್ಣೇ ಹಾಕೋದು ಅಂತ ಒಂದು ಥರ ದನಿ ಮಾಡಿ ಹೇಳಿದ್ಲು. ಆ ದನಿ ಹೆಂಗಿತ್ತು ಅಂದ್ರೆ..."

ಒಂದು ಸುತ್ತು ಮುಗಿಯಿತು. ಯಾರೂ ತಡೆಯಲಿಲ್ಲ. ಎರಡನೆಯ ಸುತ್ತಿನ ಮಧ್ಯದಲ್ಲಿ ಮೇಷ್ಟ್ರು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ಕರವಸ್ತ್ರ ತೆಗೆದು ಗಾಳಿ ಹಾಕಿಕೊಂಡರು.

"ಮಾರಾಯ್ರೇ, ಪಾಯಿಂಟಿಗೆ ಬನ್ನಿ. ಟೊಮೆಟೊ ತಗೊಂಡ್ರೋ ಇಲ್ವೋ?"

"ಅವಸರ ಮಾಡ್ಬೇಡಿ ಮೇಷ್ಟ್ರೇ" ಎಂದೆ. "ಅವಳು ಇನ್ನೂ ಚೀಲ ಹುಡುಕ್ತಾ ಇದ್ದಾಳೆ."