ಕೆಂಚತ್ತೆ ಎಣಿಸದ ಮರಿಗಳು

ಕೆಂಚತ್ತೆ ಹೊಡೆಯುವ ಮೊದಲು ಬಾಯಲ್ಲಿದ್ದ ಎಲೆ ಅಡಿಕೆ ಉಗಿಯುತ್ತಿದ್ದಳು. ಬೈಗುಳ, ಕೂಗಾಟ ಯಾವುದೂ ಇಲ್ಲ. ಕತ್ತನ್ನು ಎಡಕ್ಕೆ ತಿರುಗಿಸಿ ಕೆಂಪಗೆ ಒಮ್ಮೆ ಉಗಿದಳೆಂದರೆ ನಮ್ಮ ಹಟ್ಟಿಯ ನಾಯಿ ಕೂಡ ಎದ್ದು ಹೋಗುತ್ತಿತ್ತು. ಉಗುಳು ನೆಲ ಮುಟ್ಟುವುದಕ್ಕೂ ಬಡಿಗೆ ಮೈಮೇಲೆ ಬೀಳುವುದಕ್ಕೂ ನಡುವಿನ ಆ ಚೂರು ಹೊತ್ತಿನಲ್ಲಿ ಓಡಿದವರು ಉಳಿದರು. ನಾನು ಒಮ್ಮೆ ಓಡದೆ ನಿಂತೆ. ಎಡ ಹುಬ್ಬಿನ ಮೇಲೆ ಗುರುತು ಇನ್ನೂ ಇದೆ. ಕ್ಲಾಸಿನ ಹುಡುಗಿಯರು ನನ್ನ ಬಟ್ಟೆ ಕುರಿ ವಾಸನೆ ಅನ್ನುತ್ತಾರೆ, ನಾಳೆಯಿಂದ ಕಾಲೇಜಿಗೆ ಹೋಗುವುದಿಲ್ಲ ಎಂದು ಹೇಳಿದ ದಿನ ಅದು. ಗಾಯಕ್ಕೆ ಅರಿಶಿನ ಒತ್ತಿದವಳೂ ಅವಳೇ.

"ಅಳಬ್ಯಾಡ. ನಾಳೆ ಈ ಪಟ್ಟಿ ಕಟ್ಕೊಂಡೇ ಹೋಗು. ವಾಸನಿ ಬಿಟ್ಟು ಇದನ್ನ ನೋಡ್ತಾರ."

ಅವಳು ನಮ್ಮಪ್ಪನ ಅಕ್ಕ. ಬಳ್ಳಿಗಾವಿ ಹತ್ತಿರದ ನಮ್ಮೂರಿನಿಂದ ಸೊರಬದ ಕಡೆ, ಕುಪ್ಪಗಡ್ಡೆಗೆ ಕೊಟ್ಟಿದ್ದರು. ಗಂಡ ಕುಡಿದು ಬಂದು ಬಡಿಯುತ್ತಿದ್ದ. ಮುಂದಿನ ಎರಡು ಹಲ್ಲು ಅಲ್ಲೇ ಹೋದವು. ಒಂದು ಸಂಜೆ ಅವನು ಒನಕೆ ಎತ್ತಿದಾಗ ಇವಳು ಅದನ್ನೇ ಕಿತ್ತುಕೊಂಡು ಅವನ ದವಡೆ ಮುರಿದಳು. ಆಮೇಲೆ ತವರಿನಿಂದ ಬಳುವಳಿಯಾಗಿ ಬಂದಿದ್ದ ಕುರಿಗಳನ್ನು ಮುಂದೆ ಬಿಟ್ಟುಕೊಂಡು ನಡೆದೇ ನಮ್ಮೂರಿಗೆ ಬಂದಳು. ಮತ್ತೆ ಹೋಗಲಿಲ್ಲ. ಗಂಡನ ದವಡೆ ಮುರಿದವಳು ಎಂದು ಯಾರಾದರೂ ಆಡಿಕೊಂಡರೆ ಅವಳದು ಒಂದೇ ಉತ್ತರ. "ಅವ ಹೊಡೆದಿದ್ದು ಯಾರೂ ಎಣಿಸಲಿಲ್ಲ. ನಾ ಹೊಡೆದಿದ್ದು ಒಂದೇ, ಅದನ್ನ ಊರೆಲ್ಲ ಎಣಿಸ್ತು."

ನಾನು ಪಿಯುಸಿ ಮುಗಿಸಿದಾಗ ಅಪ್ಪ ಗಂಡು ನೋಡಿದ್ದರು. ಓದಿದ್ದು ಸಾಕು, ಕುರಿ ಕಾಯುವವರ ಮನೆಗೆ ಇಷ್ಟೇ ಹೆಚ್ಚು ಎಂದರು. ಅತ್ತೆ ಕಟ್ಟೆಯ ಮೇಲೆ ಕೂತು ಕೇಳಿದಳು, ಎದ್ದಳು, ಉಗಿದಳು. ಅಪ್ಪ ಕೈ ಅಡ್ಡ ಹಿಡಿದರು. ಮಣಿಕಟ್ಟು ಮುರಿದ ಸದ್ದು ಒಳಗೆ ಒಲೆ ಮುಂದಿದ್ದ ಅವ್ವನಿಗೂ ಕೇಳಿಸಿತು. ಬಿದಿರ ದಬ್ಬೆ ಕಟ್ಟಿದವಳೂ, ತನ್ನ ಆ ತಮ್ಮನ ಬಾಯಿಗೆ ರೊಟ್ಟಿ ಮುರಿದಿಟ್ಟವಳೂ ಅತ್ತೆಯೇ. ಆ ತಿಂಗಳೇ ನಾನು ಶಿಕಾರಿಪುರದಲ್ಲಿ ಬಿಸಿಎ ಸೇರಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಅದು ಎಲ್ಲಿಂದ ಶುರುವಾಯಿತು ಎಂಬುದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಅಪ್ಪನ ಆ ಕೈ ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟ್ ಮಾಡಿ ತೋರಿಸಬೇಕಿತ್ತು. ಮೊಬೈಲಿನಲ್ಲಿ ತೆಗೆದ ಕುರಿಗಳ ವಿಡಿಯೋ ನೋಡಿ ಯಾವ ಕುರಿ ಕುಂಟುತ್ತಿದೆ ಎಂದು ಕಂಪ್ಯೂಟರೇ ಹೇಳಬೇಕು, ಇದು ನಾನು ಆರಿಸಿಕೊಂಡದ್ದು. ಅದಕ್ಕೆ ಜೋರಾದ ಲ್ಯಾಪ್‌ಟಾಪ್ ಬೇಕಾಯಿತು. ಅತ್ತೆ ತನ್ನ ಕಾಳಗದ ಟಗರನ್ನು ಮಾರಿ ನನ್ನ ಜೊತೆ ಪೇಟೆಗೆ ಬಂದಳು. ಅಂಗಡಿಯ ಮುಂದೆ ಆಳೆತ್ತರದ ಫಲಕ. ಎರಡು ಕೋರಿನ ಕಾಲ ಮುಗಿಯಿತು, ಈಗ ಹತ್ತು ಕೋರ್ ಎಂದು ಬರೆದಿತ್ತು. ಹಾಗಂದರೇನು ಎಂದು ಅತ್ತೆ ಕೇಳಿದಳು. ಕಂಪ್ಯೂಟರಿನ ಒಳಗೆ ದುಡಿಯುವ ಆಳುಗಳು ಅಂದುಕೋ, ಹೆಚ್ಚಿದ್ದಷ್ಟೂ ಕೆಲಸ ಬೇಗ ಎಂದೆ. ಅವಳು ಅಂಗಡಿಯವನ ಕಡೆ ತಿರುಗಿದಳು.

"ಹತ್ತೂ ಒಂದೇ ನಮೂನಿ ಅದಾವೇನಪ್ಪ?"

"ಹತ್ತೂ ಒಂದೇ ರೀ ಅವ್ವ. ಹತ್ತು ಎತ್ತು ಕಟ್ಟಿದಂಗೆ ಓಡುತ್ತೆ," ಎಂದ ಅವನು. ನಕ್ಕು ಬಿಲ್ಲು ಹರಿದು ಕೊಟ್ಟ.

ವಿಡಿಯೋ ಹಾಕಿದರೆ ಯಂತ್ರ ಒಲೆಯ ಹಂಚಿನಂತೆ ಕಾಯುತ್ತಿತ್ತು, ತೆವಳುತ್ತಿತ್ತು, ನಿಂತೇ ಹೋಗುತ್ತಿತ್ತು. ಕಾಲೇಜಿನ ಮೇಷ್ಟರ ಜೊತೆ ಕೂತು ನೋಡಿದಾಗ ತಿಳಿಯಿತು. ಹತ್ತು ಕೋರ್ ಇದ್ದದ್ದು ನಿಜ. ಭಾರದ ಕೆಲಸಕ್ಕೆ ಮಾಡಿದ ದೊಡ್ಡವು ಎರಡೇ. ಉಳಿದ ಎಂಟು ಸಣ್ಣವು, ಕಡಿಮೆ ಕರೆಂಟಿನಲ್ಲಿ ಹಗುರ ಕೆಲಸ ನೋಡಿಕೊಳ್ಳುವುದಕ್ಕೆ ಇಟ್ಟವು. ಫಲಕ ಎರಡನ್ನೂ ಕೂಡಿಸಿ ಹತ್ತು ಎಂದಿತ್ತು.

ಇದನ್ನು ಮನೆಯಲ್ಲಿ ಹೇಳಬಾರದಿತ್ತು. ಆದರೆ ಪ್ರಾಜೆಕ್ಟ್ ತೋರಿಸುವ ದಿನ ಹತ್ತಿರ ಬರುತ್ತಿತ್ತು, ನಾನು ಅನ್ನ ಬಿಟ್ಟಿದ್ದೆ, ಅತ್ತೆ ಬಿಡಲಿಲ್ಲ. ಹೇಳಿದೆ.

ನಮ್ಮಲ್ಲಿ ಕುರಿ ಮಾರುವಾಗ ಹಾಲು ಬಿಡದ ಮರಿಗೆ ಲೆಕ್ಕವಿಲ್ಲ. ಅದು ತಾಯಿಯ ಹಿಂದೆ ಹಾಗೇ ಹೋಗುತ್ತದೆ. ಮರಿಯನ್ನೂ ಒಂದು ತಲೆ ಎಂದು ಎಣಿಸಿ ಮಾರಿದವನನ್ನು ಸಂತೆಯಲ್ಲಿ ಹಿಡಿದು ಬಡಿದದ್ದುಂಟು. ಅತ್ತೆಯ ಮನಸ್ಸಿನಲ್ಲಿ ಈ ಎಂಟು ಸಣ್ಣವು ಮರಿಗಳಾಗಿ ಕೂತವು. ಹಾಗಲ್ಲ ಅತ್ತಿ, ಅವೂ ದುಡಿಯುತ್ತವೆ, ಸುಮ್ಮನೆ ಹಾಲು ಕುಡಿಯುವವಲ್ಲ ಎಂದು ಮರುದಿನ ಅಂಗಡಿಗೆ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತ ಎಲೆ ಅಗಿಯುತ್ತಿದ್ದಳು.

ಅಂಗಡಿಯಲ್ಲಿ ಜನ ಇದ್ದರು. ಅತ್ತೆ ಲ್ಯಾಪ್‌ಟಾಪನ್ನು ಗಾಜಿನ ಟೇಬಲ್ಲಿನ ಮೇಲಿಟ್ಟಳು.

"ಎರಡು ಕುರಿ, ಎಂಟು ಮರಿ ಕೊಟ್ಟು ಹತ್ತು ಕುರಿ ಅಂದ್ಯಲ್ಲ ತಮ್ಮ. ನಾ ಕೇಳಿದ್ನೋ ಇಲ್ಲೋ, ಒಂದೇ ನಮೂನಿ ಅದಾವೇನು ಅಂತ?"

ಅವನು ಗಿರಾಕಿಗಳ ಕಡೆ ನೋಡಿ ನಕ್ಕ. "ಅಜ್ಜಿ, ಇದು ಕಂಪ್ಯೂಟರ್ ಅಂಗಡಿ. ಕುರಿ ಸಂತೆ ಅಲ್ಲಿ ಮುಂದೆ ಐತಿ ನೋಡ್ರಿ."

ಅತ್ತೆ ಕತ್ತು ತಿರುಗಿಸಿದಳು. ಗಾಜಿನ ಮೇಲೆ ಕೆಂಪು ಬಿತ್ತು. ನಾನು ಅವಳ ತೋಳಿಗೆ ಜೋತುಬಿದ್ದೆ, ಉಪಯೋಗವಾಗಲಿಲ್ಲ. ಮೊದಲ ಏಟಿಗೆ ಗಾಜು ಒಡೆಯಿತು. ಎರಡನೆಯದು ಅವನ ಬಲಗಿವಿಯ ಮೇಲೆ. ಅವನು ಕುಸಿದ, ಬೆರಳ ಸಂದಿಯಿಂದ ರಕ್ತ ಇಳಿದು ಅಂಗಿ ತೋಯಿತು. ಮೂರನೆಯ ಏಟು ಎತ್ತುವಾಗ ಗಾಜಿನ ಚೂರು ಅವಳದೇ ಅಂಗೈ ಸೀಳಿತ್ತು, ಬಡಿಗೆ ಜಾರಿತು. ಇಲ್ಲದಿದ್ದರೆ ಆ ಹೊತ್ತು ಕೊಲೆಯಾಗುತ್ತಿತ್ತು. ನಿಂತಿದ್ದವರೆಲ್ಲ ಮೊಬೈಲ್ ಹಿಡಿದಿದ್ದರು.

ಠಾಣೆಯಲ್ಲಿ ಸಾಹೇಬರು ನನ್ನನ್ನೇ ಮುಂದೆ ಕರೆದರು. "ನೀನು ಓದಿದವಳು. ಅವನು ಹತ್ತು ಅಂತ ಬೋರ್ಡು ಹಾಕಿದಾನೆ. ಒಳಗೆ ಹತ್ತು ಇದೆಯೋ ಇಲ್ಲವೋ?"

ಇಲ್ಲ ಎಂದರೆ ಮೋಸ ಮಾಡಿದವನು ಅವನಾಗುತ್ತಾನೆ, ಅತ್ತೆಗೆ ಸ್ವಲ್ಪ ಆಸರೆ ಸಿಗುತ್ತದೆ. ಅವಳು ಬೆಂಚಿನ ಮೇಲೆ ಕೂತು, ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಹತ್ತು ಇದೆ ಸರ್. ಆದರೆ ಹತ್ತೂ ಒಂದೇ ಥರ ಇಲ್ಲ," ಎಂದೆ.

ಠಾಣೆಯ ರೈಟರು ಮೊದಲ ಮಾತು ಬರೆದುಕೊಂಡರು. ಎರಡನೆಯದಕ್ಕೆ ಪೆನ್ನು ಎತ್ತಲಿಲ್ಲ.

ರಾತ್ರಿ ಬಿಟ್ಟು ಕಳಿಸಿದರು. ಬಸ್ ನಿಲ್ದಾಣದಲ್ಲಿ ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನೋಡುತ್ತ ನಾನು ಎರಡು ಮಾರು ದೂರ ನಿಂತಿದ್ದೆ.

"ಹತ್ರ ಬಾ," ಎಂದಳು. "ನೀ ಹೇಳಿದ್ದು ಸರಿ. ನಾ ಹೊಡೆದಿದ್ದೂ ಸರಿ. ಎರಡನ್ನೂ ಕಲಸಬ್ಯಾಡ."

ಅಂಗಡಿಯವನಿಗೆ ಆ ಕಿವಿ ಈಗಲೂ ಕೇಳಿಸುವುದಿಲ್ಲ. ಅದನ್ನು ಸರಿ ಎಂದು ನಾನು ಬರೆಯಲಾರೆ. ಲ್ಯಾಪ್‌ಟಾಪು ಕೇಸಿನ ಮುದ್ದೆಮಾಲಾಗಿ ಠಾಣೆಯ ಕಪಾಟು ಸೇರಿತು. ನಾನು ಊಟದ ಬಿಡುವಿನಲ್ಲಿ ಕಾಲೇಜಿನ ಹಳೆಯ ಯಂತ್ರಕ್ಕೆ ಜೋತುಬಿದ್ದು ಪ್ರಾಜೆಕ್ಟ್ ಮುಗಿಸಿ ಪಾಸಾದೆ. ಹಿರಿಯರು ಕೂತು ರಾಜಿ ಮಾಡಿಸಿದರು. ಅತ್ತೆ ಗಾಜು ಹಾಕಿಸಿಕೊಟ್ಟಳು, ಕ್ಷಮೆ ಮಾತ್ರ ಕೇಳಲಿಲ್ಲ. ಆ ಫಲಕ ಇವತ್ತೂ ಇದೆ. ಈಗ ಹದಿನಾಲ್ಕು ಕೋರ್ ಎಂದಿದೆ.

ಹೋದ ವರ್ಷ ಬೇಸಿಗೆಯಲ್ಲಿ ಸೊರಬದ ರಸ್ತೆಯಲ್ಲಿ ಒಂದು ಲಾರಿ ಅವಳ ಹಿಂಡಿನೊಳಗೆ ನುಗ್ಗಿತು. ನಾವು ಹೋಗುವಷ್ಟರಲ್ಲಿ ಅವಳನ್ನು ಮುಖದ ಮೇಲೂ ಕಂಬಳಿ ಹೊದಿಸಿ ಪಕ್ಕಕ್ಕೆ ಮಲಗಿಸಿದ್ದರು. ಡಾಂಬರಿನ ಮೇಲೆ ಉಣ್ಣೆ, ಕರುಳು, ರಕ್ತ. ಒಂದು ತಾಯಿಕುರಿ ಇನ್ನೂ ಕಾಲು ಬಡಿಯುತ್ತಿತ್ತು. ಅಪ್ಪ ಮಡಚದ ಕೈಯಲ್ಲೇ ಅದರ ಕತ್ತು ಹಿಡಿದು ಮುಗಿಸಿದರು. ಲಾರಿಯವನ ಕಡೆಯವರೂ ನಮ್ಮೂರವರೂ ಪರಿಹಾರದ ಮಾತಿಗೆ ನಿಂತರು. ಪಂಚನಾಮೆಗೆ ಬಂದವರು ಅದೇ ರೈಟರು. ಸತ್ತ ಕುರಿ ಎಷ್ಟು ಎಂದು ಕೇಳಿದರು.

ನಮ್ಮೂರಿನ ಹಿರಿಯರೊಬ್ಬರು ನನ್ನ ಕಿವಿಯಲ್ಲಿ, "ಹನ್ನೊಂದು ಅನ್ನವ್ವ, ಮರಿನೂ ಸೇರಿಸು," ಎಂದರು.

"ಏಳು ಕುರಿ," ಎಂದೆ. "ನಾಲ್ಕು ಮರಿ. ಬೇರೆ ಬೇರೆ ಬರೆಯಿರಿ."

ರೈಟರು ತಲೆಯೆತ್ತಿ ನನ್ನ ಮುಖ ನೋಡಿದರು, ಹುಬ್ಬಿನ ಗುರುತನ್ನೂ ನೋಡಿದರೇನೋ. ಬರೆಯುವ ತನಕ ನಾನು ಅವರ ಪೆನ್ನಿನ ಮುಂದಿನಿಂದ ಕದಲಲಿಲ್ಲ. ಈ ಸಲ ಎರಡನ್ನೂ ಬರೆದರು.

ಮನೆಗೆ ತಂದು ಮೈ ತೊಳೆಯುವಾಗ ಅವ್ವ ಅತ್ತೆಯ ಬಾಯಿ ಬಿಡಿಸಿದಳು. ಎಡ ದವಡೆಯಲ್ಲಿ ಎಲೆ ಹಾಗೇ ಇತ್ತು. ಉಗಿಯುವಷ್ಟು ಹೊತ್ತನ್ನೂ ಆ ಲಾರಿ ಅವಳಿಗೆ ಕೊಟ್ಟಿರಲಿಲ್ಲ.