ವೈನ್ ಕುಡಿಯದವರ ದ್ರಾಕ್ಷಿ ದಾರಿ

ನಾನು ವೈನ್ ಕುಡಿಯುವುದಿಲ್ಲ. ಅದೇನೂ ವ್ರತವಲ್ಲ. ಒಮ್ಮೆ ಆಫೀಸಿನ ಪಾರ್ಟಿಯಲ್ಲಿ ಒಂದು ಗುಟುಕು ಕುಡಿದು, ಇದು ಹುಣಸೆಹುಳಿಗೆ ಕೆಮ್ಮಿನ ಸಿರಪ್ಪು ಬೆರೆಸಿದಂತಿದೆ ಎಂದು ತೀರ್ಮಾನಿಸಿ, ಉಳಿದದ್ದನ್ನು ಮೂಲೆಯ ಕುಂಡದ ಗಿಡಕ್ಕೆ ಅರ್ಪಿಸಿದ್ದೆ. ಗಿಡ ಈಗಲೂ ಚೆನ್ನಾಗಿದೆ. ಇಂಥ ನಾನು ಫ್ರಾನ್ಸಿನ ಬರ್ಗಂಡಿಗೆ, ಅಂದರೆ ವೈನಿಗೆಂದೇ ಹೆಸರಾದ ಸೀಮೆಗೆ, ಸೈಕಲ್ ತುಳಿಯಲು ಹೋಗುತ್ತೇನೆ ಎಂದಾಗ ಮನೆಯಲ್ಲಿ ಮೂರು ಅಭಿಪ್ರಾಯಗಳು ಹೊರಬಿದ್ದವು.

ಮೊದಲನೆಯದು ನಮ್ಮ ಯಜಮಾನರದು. "ವೈನ್ ಕುಡಿಯಲ್ಲ, ಚೀಸ್ ವಾಸನೆ ಆಗಲ್ಲ, ಫ್ರೆಂಚ್ ಬರಲ್ಲ. ಅಲ್ಲಿ ಹೋಗಿ ಏನ್ ಮಾಡ್ತೀಯ?" ಎರಡನೆಯದು ಮಗಳದು. ಫೋನಿನಿಂದ ತಲೆ ಎತ್ತದೆಯೇ ಅವಳು, "ಅಮ್ಮಾ, ಯು ವಿಲ್ ಬ್ರೇಕ್ ಯುವರ್ ಹಿಪ್" ಎಂದಳು. ಮೂರನೆಯದು ನನ್ನ ಬಲ ಮಂಡಿಯದು. ಕುರ್ಚಿಯಿಂದ ಏಳುವಾಗ ಅದು ಕಟಕ್ ಎಂದಿತು.

ಮೂರೂ ನ್ಯಾಯವಾದ ಮಾತುಗಳೇ. ನನಗೆ ಐವತ್ನಾಲ್ಕು ವರ್ಷ, ವಾಸ ಆಸ್ಟ್ರೇಲಿಯಾದಲ್ಲಿ. ವೆಸ್ಟ್‌ಮೀಡ್‌ನ ಒಂದು ಲ್ಯಾಬಿನಲ್ಲಿ ದಿನವಿಡೀ ಕೂತು ಪರರ ರಕ್ತ ಪರೀಕ್ಷೆ ಮಾಡುವುದು ನನ್ನ ವೃತ್ತಿ. ಸಂಜೆ ಮನೆಗೆ ಬಂದು ನನ್ನದೇ ರಕ್ತದೊತ್ತಡ ನೋಡಿಕೊಳ್ಳುವುದು ಹವ್ಯಾಸ. ನಾವಿರುವ ಕೆಲ್ಲಿವಿಲ್‌ನಲ್ಲಿ ಮನೆಗೆರಡು ಕಾರು. ಹಾಲು ತರಲು ನಡೆದು ಹೊರಟರೂ ಯಾರಾದರೂ ಕಾರು ನಿಲ್ಲಿಸಿ, "ಏನ್ ಆಂಟಿ, ಕಾರ್ ಕೆಟ್ಟಿದ್ಯಾ? ಡ್ರಾಪ್ ಮಾಡ್ಲಾ?" ಎಂದು ಕರುಣೆಯಿಂದ ವಿಚಾರಿಸುತ್ತಾರೆ. ಇಂಥ ಊರಿನಲ್ಲಿ ಸೈಕಲ್ ಹತ್ತಿದ ಹೆಂಗಸನ್ನು ಜನ ನೋಡುವ ಬಗೆಯೇ ಬೇರೆ. ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಅವರಿಗೆ ಖಾತ್ರಿಯಾಗುತ್ತದೆ.

ನಿಜ ಹೇಳಬೇಕೆಂದರೆ ಇದು ನನ್ನ ಹುಚ್ಚಲ್ಲ, ಮೆಲ್ಬರ್ನಿನ ಶಾರದಕ್ಕನದು. ಶಾರದಕ್ಕ ನನ್ನ ದೊಡ್ಡಮ್ಮನ ಮಗಳು, ಅರವತ್ತೊಂದು ವರ್ಷದವಳು. ಮೈಸೂರಿನಲ್ಲಿ ಹದಿಮೂರರ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲನ್ನು ಕದ್ದು ತಂದು, ಸೀಟು ಎಟುಕದೆ ಒಳಪೆಡಲ್ ತುಳಿಯುತ್ತ ಎರಡು ಬೀದಿ ದಾಟಿದ್ದಳಂತೆ. ಮೂರನೆಯ ಬೀದಿಯಲ್ಲಿ ದೊಡ್ಡಪ್ಪ ಎದುರಾದರು. ಅವರು ಹೊಡೆಯಲಿಲ್ಲ, ಬೈಯಲಿಲ್ಲ. ಸೈಕಲ್ಲಿಗೆ ಬೀಗ ಹಾಕಿ, ಬೀಗದಕೈಯನ್ನು ಜೇಬಿಗೆ ಹಾಕಿಕೊಂಡು, "ಇದೆಲ್ಲ ನಿನಗೆ ಬೇಡ" ಎಂದರು, ಅಷ್ಟೆ. ಆಮೇಲೆ ಓದು, ಮದುವೆ, ಮೆಲ್ಬರ್ನು, ಇಪ್ಪತ್ತೈದು ವರ್ಷ ಶಿಶುವಿಹಾರದಲ್ಲಿ ಊರವರ ಮಕ್ಕಳ ಮೂಗು ಒರೆಸುವ ಕೆಲಸ. ಕೆಲಸ ಬಿಟ್ಟ ವರ್ಷ ಅವಳು ಒಂದು ಹಳೆಯ ಸೈಕಲ್ ಕೊಂಡು, ಭಾನುವಾರ ಖಾಲಿಯಿರುವ ಶಾಲೆಯ ಕಾರ್ ಪಾರ್ಕಿನಲ್ಲಿ ಬಿದ್ದೂ ಎದ್ದೂ ಕಲಿತಳು. ಆಗ ಅವಳಿಗೆ ಐವತ್ತೊಂಬತ್ತು.

"ವಾಹನ ಇಲ್ಲದ ದಾರಿಯಂತೆ ಕಣೇ. ಬರೀ ದ್ರಾಕ್ಷಿ ತೋಟ, ನಾವು, ಗಾಳಿ. ನಾಲ್ಕು ದಿನ" ಎಂದಳು ಫೋನಿನಲ್ಲಿ. "ಬರ್ತೀಯೋ ಇಲ್ವೋ ಹೇಳು. ನಿನ್ನ ಮಂಡೀನ ಕೇಳಿ ಹೇಳ್ಬೇಡ."

ಮಂಡಿಯನ್ನು ಕೇಳದೆ ಹೂಂ ಅಂದೆ.

ಅಭ್ಯಾಸ ಶುರುವಾಯಿತು. ಸ್ಪಂಜು ಇಟ್ಟು ಹೊಲಿದ ಸೈಕಲ್ ಚಡ್ಡಿ ಕೊಂಡುಕೊಂಡೆ. ಅದನ್ನು ತೊಟ್ಟು ನಡೆದರೆ ಮನುಷ್ಯರು ಬಾತುಕೋಳಿಗಳಿಗೆ ಹತ್ತಿರದ ಸಂಬಂಧಿಗಳು ಎನ್ನುವುದರಲ್ಲಿ ಸಂಶಯ ಉಳಿಯುವುದಿಲ್ಲ. ಮೇಲೊಂದು ಉದ್ದನೆಯ ಕುರ್ತಾ ಹಾಕಿ ಮಾನ ಉಳಿಸಿಕೊಂಡೆ. ಆಗಸ್ಟ್ ಮುಗಿಯುತ್ತಿದ್ದಂತೆ ಮರಿ ಮಾಡಿದ ಮ್ಯಾಗ್‌ಪೈ ಹಕ್ಕಿಗಳು ಹಿಂದಿನಿಂದ ಬಂದು ತಲೆಗೆ ಕುಕ್ಕತೊಡಗಿದವು. ಅವುಗಳನ್ನು ಹೆದರಿಸಲು ಇಲ್ಲಿನವರು ಮಾಡುವಂತೆ ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಕಡ್ಡಿಗಳನ್ನು ಸಿಕ್ಕಿಸಿಕೊಂಡೆ. ಮುಳ್ಳುಹಂದಿಯ ತಲೆ, ಬಾತುಕೋಳಿಯ ನಡೆ. ಪಕ್ಕದ ಊರು ರೌಸ್ ಹಿಲ್‌ನ ಪರಿಚಯದವರೊಬ್ಬರು ಸಿಗ್ನಲ್ಲಿನಲ್ಲಿ ನನ್ನನ್ನು ನೋಡಿ ಕಾರಿನ ಗಾಜು ಏರಿಸಿಕೊಂಡರು.

ಹಕ್ಕಿಯೇ ವಾಸಿ. ಒಂದು ಬೆಳಗ್ಗೆ ಹಿಂದೆ ಬಂದ ದೊಡ್ಡ ಗಾಡಿಯೊಂದು ನನ್ನ ಮೊಣಕೈ ಸವರುವಷ್ಟು ಹತ್ತಿರ ಸರಿದು, ಒಳಗಿದ್ದವನು, "ಗೆಟ್ ಆಫ್ ದ ರೋಡ್" ಎಂದು ಕೂಗಿ ಹೋದ. ನಾನು ವಿಧೇಯಳಾಗಿ ಇಳಿದೆ. ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ನನಗೆ ನೋವಾದದ್ದು ಅವನು ಕೂಗಿದ್ದಕ್ಕಲ್ಲ. ಕೂಗಿದ ಕೂಡಲೇ ನಾನು "ಸಾರಿ" ಎಂದದ್ದಕ್ಕೆ. ಅವನಿಗದು ಕೇಳಿಸಿರಲೂ ಇಲ್ಲ.

ಶಾರದಕ್ಕನಿಗೆ ಇದನ್ನು ಹೇಳಿದಾಗ ಅವಳು ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ. "ಶನಿವಾರ ಇಲ್ಲಿಗೆ ಬಾ" ಎಂದಳು. ಎರಡು ವಾರಾಂತ್ಯ ಮೆಲ್ಬರ್ನಿಗೆ ಹಾರಿ, ಯಾರಾ ನದಿಯ ಪಕ್ಕದ ಸೈಕಲ್ ದಾರಿಯಲ್ಲಿ ಅವಳ ಬೆನ್ನ ಹಿಂದೆ ತುಳಿದೆ. ಅವಳು ವೇಗವಾಗಿ ಹೋಗುವವಳಲ್ಲ. ಆದರೆ ನಿಲ್ಲುವವಳೂ ಅಲ್ಲ.

ಹಾಗೆ ಸೆಪ್ಟೆಂಬರಿನಲ್ಲಿ ನಾವು ಬರ್ಗಂಡಿ ಸೇರಿದೆವು. ತಂಡದಲ್ಲಿ ಹತ್ತು ಜನ, ಬಹುಪಾಲು ನಮ್ಮಂತೆಯೇ ಆಸ್ಟ್ರೇಲಿಯಾದಿಂದ ಬಂದವರು. ಕ್ಲೇರ್ ಎಂಬ ಗಟ್ಟಿಮುಟ್ಟಾದ ನಡುವಯಸ್ಸಿನ ಹೆಂಗಸು ನಮ್ಮ ಗೈಡು. ಹಿಂದಿನಿಂದ ನಮ್ಮ ಸಾಮಾನು ಹೊತ್ತ ಒಂದು ವ್ಯಾನು. ಒಂದು ಕಾಲದಲ್ಲಿ ರೈಲು ಓಡುತ್ತಿದ್ದ ದಾರಿಯ ಹಳಿ ಕಿತ್ತು ಸೈಕಲ್ಲಿಗೆಂದೇ ಹಾಸಿದ ರಸ್ತೆ. ಅದು ಮುಗಿದ ಮೇಲೆ ದ್ರಾಕ್ಷಿ ತೋಟಗಳ ನಡುವಿನ ಕಿರುದಾರಿಗಳು. ಮೊದಲ ಒಂದು ಗಂಟೆ ನಾನು ಹಿಂದೆ ತಿರುಗಿ ತಿರುಗಿ ನೋಡುತ್ತಲೇ ಇದ್ದೆ, ಏನೂ ಬರಲಿಲ್ಲ. ಏನೂ ಬರುತ್ತಿಲ್ಲ ಎಂಬುದು ಕತ್ತಿಗೆ ಅರ್ಥವಾಗಲು ಅಷ್ಟು ಹೊತ್ತು ಹಿಡಿಯಿತು.

ನಮ್ಮ ಹಳೆಯ ಕಾವ್ಯಮೀಮಾಂಸಕರು ದ್ರಾಕ್ಷಾಪಾಕ ಎಂಬ ಮಾತನ್ನು ಹೇಳುತ್ತಾರೆ. ಬಾಯಿಗಿಟ್ಟ ಕೂಡಲೇ ದ್ರಾಕ್ಷಿಯಂತೆ ರಸ ಕೊಡುವ ಕಾವ್ಯ ಅದು. ನಾರಿಕೇಳಪಾಕವಾದರೆ ಸಿಪ್ಪೆ ಸುಲಿದು, ಕರಟ ಒಡೆದು, ಆಮೇಲೆ ತಿರುಳು. ಈ ಮಹನೀಯರಾರೂ ದ್ರಾಕ್ಷಿ ತೋಟದಲ್ಲಿ ಸೈಕಲ್ ತುಳಿದವರಲ್ಲವೆಂದು ನನಗೀಗ ಗೊತ್ತು. ಬಳ್ಳಿಯ ಹಣ್ಣು ರಸವಾಗಿದ್ದರೂ ಬಳ್ಳಿ ಬೆಳೆಯುವುದು ಏರಿನಲ್ಲಿ. ಇಳಿಜಾರಿನ ಮಣ್ಣೇ ಒಳ್ಳೆಯ ಹಣ್ಣು ಕೊಡುತ್ತದೆಂದು ಕ್ಲೇರ್ ಹೆಮ್ಮೆಯಿಂದ ವಿವರಿಸುವಾಗ ನನ್ನ ತೊಡೆಗಳು ತೆಂಗಿನಕಾಯಿ ಸುಲಿಯುತ್ತಿದ್ದವು.

ಎರಡನೆಯ ದಿನ ಒಂದು ಕಿರಿದಾದ ದಾರಿಯಲ್ಲಿ ಹಿಂದಿನಿಂದ ಟ್ರ್ಯಾಕ್ಟರಿನ ಸದ್ದು ಕೇಳಿತು. ಹಣ್ಣು ತುಂಬಿದ ಗಾಡಿ. ನಾನು ಅಭ್ಯಾಸಬಲದಿಂದ ಇಳಿದು ಹುಲ್ಲಿನ ಮೇಲೆ ನಿಂತು ಆಗಲೇ ಬಾಯಲ್ಲಿ "ಸಾರಿ" ಸಿದ್ಧಮಾಡಿಕೊಂಡಿದ್ದೆ. ಶಾರದಕ್ಕ ಇಳಿಯಲಿಲ್ಲ. ತಿರುಗಿಯೂ ನೋಡದೆ ತನ್ನ ಪಾಡಿಗೆ ತುಳಿಯುತ್ತ ಹೋದಳು. ಟ್ರ್ಯಾಕ್ಟರಿನ ಮುದುಕ ನನ್ನ ಪಕ್ಕ ನಿಲ್ಲಿಸಿ, ಸೈಕಲ್ ಹತ್ತು, ಹತ್ತು ಎಂದು ಕೈಸನ್ನೆ ಮಾಡಿದ. ನಾನು ಹತ್ತಿದೆ. ಮುಂದಿನ ಕವಲಿನವರೆಗೂ ಅವನು ನಮ್ಮ ಹಿಂದೆ, ಮದುವೆ ಮೆರವಣಿಗೆಯ ಗಾಡಿಯಂತೆ, ನಿಧಾನಕ್ಕೆ ಬಂದ. ಹಾರ್ನ್ ಮಾಡಲಿಲ್ಲ. ಆ ದಿನ ಮತ್ತೆ ನಾನು ಯಾರಿಗೂ ಸಾರಿ ಹೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಳೆ ಹಿಡಿಯಿತು. ಮುಂದೆ ಪ್ರವಾಸದ ದೊಡ್ಡ ಏರು. ಮೇಲೊಂದು ಹಳ್ಳಿ, ಅಲ್ಲಿ ಊಟ. ಏರಿನ ಬುಡದಲ್ಲಿ ವ್ಯಾನು ಬಾಗಿಲು ತೆರೆದು ಕಾಯುತ್ತಿತ್ತು. ಕ್ಲೇರ್, ಮಳೆಯಲ್ಲಿ ಏರುವುದು ಬೇಡ, ಎಲ್ಲರೂ ವ್ಯಾನಿನಲ್ಲಿ ಹೋಗೋಣ ಎಂದಳು. ಎಲ್ಲರೂ ಹತ್ತಿದರು. ನನ್ನ ಒಂದು ಕಾಲೂ ಒಳಗಿತ್ತು, ಆ ಕಾಲಿಗೆ ಅದರಿಂದ ಬಹಳ ಸಂತೋಷವೂ ಆಗಿತ್ತು.

"ನಾನು ಸೈಕಲ್ಲಲ್ಲೇ ಬರ್ತೀನಿ" ಎಂದಳು ಶಾರದಕ್ಕ ಇಂಗ್ಲಿಷಿನಲ್ಲಿ.

"ವ್ಯಾನ್ ಹತ್ತಿದರೆ ಸೋಲೇನಲ್ಲ" ಎಂದಳು ಕ್ಲೇರ್, ಮೆದುವಾಗಿ.

"ಗೊತ್ತು. ಆದ್ರೂ ಹತ್ತಲ್ಲ."

ಕ್ಲೇರ್ ಅವಳ ಬ್ರೇಕು ಒತ್ತಿ ನೋಡಿದಳು, ದೀಪ ಹಾಕಿದಳು, ದಾರಿಯಲ್ಲಿ ಕವಲಿಲ್ಲ ಎಂದಳು. ಮೇಲೆ ಹೋಗಿ ಎಲ್ಲರನ್ನೂ ಇಳಿಸಿ ವ್ಯಾನನ್ನು ಮತ್ತೆ ಕಳಿಸುತ್ತೇನೆ, ಬೇಕೆನಿಸಿದರೆ ಕೈ ಎತ್ತು ಎಂದಳು. ಶಾರದಕ್ಕ ತಲೆಯಾಡಿಸಿ ಹೊರಟೇ ಬಿಟ್ಟಳು. ಬಾಗಿದ ಆ ಬೆನ್ನು, ನೀಲಿ ಮಳೆಕೋಟು, ತಿರುಗಿ ನೋಡದ ತಲೆ. ನಾನು ಒಳಗಿದ್ದ ಕಾಲನ್ನು ಹೊರಗೆ ತೆಗೆದುಕೊಂಡೆ.

ಏರಿನ ವರ್ಣನೆ ಬೇಡ. ಮೂರು ಕಡೆ ಇಳಿದು ತಳ್ಳಿದೆವು. ಒಂದು ಕಡೆ ನಾನು ಕಲ್ಲುಗೋಡೆಗೆ ಒರಗಿ ಕೂತು, ಇಲ್ಲಿಂದ ಏಳುವುದಿಲ್ಲ ಎಂದೆ. ಶಾರದಕ್ಕ ಪಕ್ಕದಲ್ಲಿ ಕೂತು ಡಬ್ಬಿ ತೆಗೆದಳು. ಮೆಲ್ಬರ್ನಿನಿಂದ ತಂದ ಕೋಡುಬಳೆ. ಇಬ್ಬರೂ ಮಳೆಯಲ್ಲಿ ಕೂತು ಕಟುಂ ಕಟುಂ ಎಂದು ತಿಂದೆವು. ವ್ಯಾನು ಇಳಿದು ಬಂದು ನಿಂತಿತು. ನಾವು ಕೈ ಎತ್ತಲಿಲ್ಲ. ಅದು ಹಿಂದೆಯೇ ಬಂತು.

"ದೊಡ್ಡಪ್ಪ ನೋಡಿದ್ರೆ ಏನನ್ನೋರು ಅಕ್ಕ?" ಎಂದೆ.

ಅವಳು ಕೋಡುಬಳೆ ಅಗಿಯುತ್ತ ಯೋಚಿಸಿದಳು. "ಇದೆಲ್ಲ ನಿನಗೆ ಬೇಡ ಅನ್ನೋರು. ನಾನು ಬೇಕು ಅಂತ ಒಂದು ಸಲ ಹೇಳ್ಬೇಕಿತ್ತು ಕಣೇ. ಹೇಳ್ಲೇ ಇಲ್ಲ, ನೋಡು. ಎದ್ದೇಳು."

ಮೇಲೆ ತಲುಪಿದಾಗ ಮಂಜು ಕವಿದು, ಕಾಣಬೇಕಾದ ಕಣಿವೆ ಒಂದಿಷ್ಟೂ ಕಾಣಲಿಲ್ಲ. ಚಪ್ಪಾಳೆ ತಟ್ಟುವವರೂ ಇರಲಿಲ್ಲ. ಎಲ್ಲರೂ ಒಳಗೆ ಊಟಕ್ಕೆ ಕೂತಿದ್ದರು. ಶಾರದಕ್ಕ ಸೈಕಲ್ಲನ್ನು ಗೋಡೆಗೆ ಒರಗಿಸಿ, ಅದರ ಸೀಟಿನ ಮೇಲಿನ ನೀರನ್ನು ಅಂಗೈಯಿಂದ ಎರಡೆರಡು ಸಲ ಒರೆಸಿದಳು. ನಾನು ಬೇರೆ ಕಡೆ ನೋಡಿದೆ.

ನಾಲ್ಕನೆಯ ದಿನದ ಸಂಜೆ, ಬೀಳ್ಕೊಡುವ ಮುನ್ನ, ಕ್ಲೇರ್ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟಳು. ಊಟ ಹೇಗಿತ್ತು, ಹಾಸಿಗೆ ಹೇಗಿತ್ತು ಎಂಬ ಮಾಮೂಲು ಪ್ರಶ್ನೆಗಳು. ಕೊನೆಯದು, ದಾರಿ ಹೇಗಿತ್ತು: ಸುಲಭ, ಸಾಧಾರಣ, ಕಷ್ಟ. ಶಾರದಕ್ಕ ಕನ್ನಡಕ ಏರಿಸಿಕೊಂಡು 'ಸುಲಭ'ಕ್ಕೆ ಗುರುತು ಹಾಕಿದಳು. ಎರಡು ದಿನದಿಂದ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತಿದ್ದವಳು.

"ಯಾಕಕ್ಕ ಸುಳ್ಳು ಬರೀತೀಯ?" ಎಂದೆ.

"ಕಷ್ಟ ಅಂತ ಬರೆದ್ರೆ ಮುಂದಿನ ಸಲ ನಮ್ಮಂಥೋರನ್ನ ಸೇರಿಸ್ಕೊಳ್ಳಲ್ಲ ಕಣೇ."

ನಾನು ಮಂಡಿಯ ಮೇಲಿದ್ದ ಐಸಿನ ಚೀಲವನ್ನು ಸರಿಮಾಡಿಕೊಂಡು, ಅವಳ ಕೈಯಿಂದ ಪೆನ್ನು ಇಸಿದುಕೊಂಡೆ.