ತಾಗದ ಏಟಿಗೆ ಬಿದ್ದವನು

೧೯೭೧ರಲ್ಲಿ, ಏಳನೆಯ ತರಗತಿಯ ನಡುವೆಯೇ, ನಾನು ಸಾಲಿ ಬಿಟ್ಟೆ. ಯಾರಾದರೂ ಕೇಳುವ ಮೊದಲೇ ಇದನ್ನು ಹೇಳಿಬಿಡುವುದು ನನ್ನ ರೂಢಿ. ಕೇಳಿದ ಮೇಲೆ ಹೇಳಿದರೆ ತಲೆ ತಗ್ಗಿಸಿದಂತೆ ಕಾಣುತ್ತದೆ; ಮೊದಲೇ ಹೇಳಿದರೆ ಎದೆ ಉಬ್ಬಿಸಿದಂತೆ. ಅಂದಿನಿಂದ ಜೇವರ್ಗಿಯ ದೊಡ್ಡ ರಸ್ತೆಯ ಬದಿಗೆ ಲಾರಿಗಳ ಪಾಟಾ ಬಡಿಯುತ್ತ ಬಂದಿದ್ದೇನೆ. ಲಾರಿಯ ಹೊಟ್ಟೆಯ ಕೆಳಗೆ ಒಂದರ ಮೇಲೊಂದು ಮಲಗಿ ಅದರ ಭಾರ ಹೊರುತ್ತವಲ್ಲ, ಆ ಉಕ್ಕಿನ ಪಟ್ಟಿಗಳು. ಕೆಂಪಗೆ ಕಾಸಬೇಕು, ಬಡಿಯಬೇಕು, ಬಾಗಿಸಬೇಕು. ಸಾಲಿ ಕಲಿಸದ್ದನ್ನು ಈ ಕಣ್ಣು ಕಲಿಸಿದೆ, ಖರೇ ಯಾವುದು ಸುಳ್ಳು ಯಾವುದು ಎಂದು ನೋಡಿದರೇ ಹೇಳುತ್ತೇನೆ ಎಂದು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದೆ. ಅಂಥ ಕಣ್ಣಿಗೆ ಟೀವಿಯ ಕುಸ್ತಿ ಮಣ್ಣೆರಚಿತು. ಆ ಕುಸ್ತಿಯಲ್ಲಿ ಮಣ್ಣೇ ಇರುವುದಿಲ್ಲ ನೋಡ್ರಿ, ಆದರೂ ಎರಚಿತು. ಇಷ್ಟು ವರ್ಷ ಆದರೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಕೇಬಲ್ ಬಂದಿತ್ತು, ನಮ್ಮ ಮನೆಗೆ ಬಣ್ಣದ ಟೀವಿ ಬಂದಿತ್ತು, ಅದರೊಳಗೆ ಪರದೇಶದ ಪೈಲ್ವಾನರು ಬಂದಿದ್ದರು. ಒಬ್ಬೊಬ್ಬನ ತೋಳು ನಮ್ಮ ಬೇವಿನ ಗಿಡದ ಬುಡದಷ್ಟು. ನಾನು ಮರುಳಾದೆ. ನನ್ನ ಹೆಂಡತಿಯ ತಮ್ಮ ಬಸವರಾಜ, ಆಳಂದದ ಕಾಲೇಜಿನಲ್ಲಿ ಗಣಿತ ಹೇಳುವವನು, ಬಂದಾಗಲೆಲ್ಲ ನಗುತ್ತಿದ್ದ.

“ಮಾಮಾ, ಅವೆಲ್ಲಾ ಮೊದಲೇ ಮಾತಾಡ್ಕೊಂಡು ಆಡೂ ಆಟ್ರಿ. ಯಾರು ಗೆಲ್ಲಬೇಕಂತ ಬರದಿಟ್ಟಿರ್ತಾರ.”

“ಸಾಲಿ ಕಲಿತವರಿಗೆ ಎಲ್ಲಾ ಸುಳ್ಳೇ ಕಾಣ್ತದೋ ಮಾಸ್ತರ. ಬಡಿಯೂದು ಏನಂತ ನಿನಗೇನು ಗೊತ್ತು?”

ಇಷ್ಟೇ ಆಗಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ಆ ವರ್ಷ ನನ್ನ ಮಗಳು ಶಾಂತಾ ಹತ್ತನೆಯದನ್ನು ಪಾಸಾಗಿದ್ದಳು. ಅವಳಿಗೆ ಸೈನ್ಸ್ ಬೇಕು. ಬಸವರಾಜ ತನ್ನ ಮನೆಯಲ್ಲಿಟ್ಟುಕೊಂಡು ಓದಿಸುತ್ತೇನೆ ಎನ್ನುತ್ತಾನೆ. ನಾನು ಬೇಡ ಎನ್ನುತ್ತೇನೆ. ನನ್ನ ಮಗಳು ಇನ್ನೊಬ್ಬರ ಮನೆಯ ರೊಟ್ಟಿ ತಿನ್ನುವುದೇ? ಅದೂ ಅಲ್ಲದೆ, ಏಳೂ ಮುಗಿಸದ ನನಗೆ ಏನು ಕಡಿಮೆಯಾಗಿದೆ? ಮನೆಯಲ್ಲಿ ಎರಡು ತಿಂಗಳು ಇದೇ ಜಗಳ. ಕಡೆಗೆ ಒಂದು ದಿನ ಸಿಟ್ಟಿನಲ್ಲಿ ಎಲ್ಲರ ಮುಂದೆ ಅಂದುಬಿಟ್ಟೆ: “ಬರೂ ಐತವಾರ ದೊಡ್ಡ ಕುಸ್ತಿ ಅದ. ಬಾ, ಕುಂತು ನೋಡು. ಅದು ಸುಳ್ಳಂತ ನನ್ನ ಕಣ್ಣಿಗೇ ಕಂಡ್ರ, ಅವತ್ತೇ ಶಾಂತಾನ್ನ ಕರ್ಕೊಂಡು ಹೋಗು. ಖರೇ ಕಂಡ್ರ, ಈ ಮಾತು ಮತ್ತ ನನ್ನ ಮನ್ಯಾಗ ಎತ್ತಬ್ಯಾಡ.”

ಶಾಂತಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು.

ಐತವಾರ ಮಧ್ಯಾಹ್ನ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ. ಪಕ್ಕದ ಮನೆಯ ಮುದುಕ ಹಣಮಂತ ಮುತ್ಯಾನಿಗೆ ಕುರ್ಚಿ ಹಾಕಿಸಿದೆ. ಮುತ್ಯಾ ಬಯಲಾಟದಲ್ಲಿ ರಾಕ್ಷಸನ ವೇಷ ಹಾಕಿ ಸುತ್ತ ಹತ್ತೂರಲ್ಲಿ ಸತ್ತು ಹೆಸರಾದವನು.

ಏನು ಹೇಳಲಿ! ಮೊದಲನೆಯವನು ಬಂಗಾರದ ಬಣ್ಣದ ನಿಲುವಂಗಿ ಹಾಕಿಕೊಂಡು ನಡೆದು ಬಂದ. ಬಂದ, ಬಂದ, ಬರುತ್ತಲೇ ಇದ್ದ. ನಮ್ಮಲ್ಲಿ ಮದುವಣಿಗ ಕೂಡ ಇಷ್ಟು ನಿಧಾನ ಬರುವುದಿಲ್ಲ. ಎರಡನೆಯವನು ಬಂದು ಮೈಕು ಕಸಿದುಕೊಂಡು ಭಾಷಣ ಶುರು ಮಾಡಿದ. “ಎಲೆಕ್ಷನ್‌ಗೆ ನಿಂತಾನೇನೋ ಇಂವ?” ಎಂದ ಮುತ್ಯಾ. ಅಂತೂ ಹಿಡಿದರು. ಹಿಡಿದವರು ಹಾಗೇ ಕೆಳಗೆ ಕುಳಿತರು. ಒಬ್ಬ ಇನ್ನೊಬ್ಬನ ಕುತ್ತಿಗೆಗೆ ತೋಳು ಸುತ್ತಿದ, ಇಬ್ಬರೂ ಕಣ್ಣು ಮುಚ್ಚಿದರು. ನನ್ನ ಹೆಂಡತಿ ಚಹಾ ಮಾಡಿ ತಂದು ಹಂಚಿ ಕಪ್ಪು ತೊಳೆದಿಟ್ಟರೂ ಅವರ ನಿದ್ದೆ ಮುಗಿಯಲಿಲ್ಲ.

ನಮ್ಮ ಭೀಮಾ ದಂಡೆಯ ಊರುಗಳಲ್ಲಿ ತೆಂಗಿನಕಾಯಿ ಕುಸ್ತಿ ಅಂತ ಆಡುತ್ತಾರೆ. ಎಳೆ ಪೈಲ್ವಾನರಿಗೆ ಅದೇ ಮೊದಲ ಕುಸ್ತಿ, ಗೆದ್ದರೆ ಒಂದು ಕಾಯಿ. ಆ ಒಂದು ಕಾಯಿಗಾಗಿ ಕಿವಿ ಹರಿದುಕೊಂಡವರನ್ನು ನಾನು ನೋಡಿದ್ದೇನೆ. ಬೆನ್ನಿಗೆ ಮಣ್ಣು ಹತ್ತಿತೋ, ಮುಗಿಯಿತು. ಎದ್ದು, ಗೆದ್ದವನ ಕೈ ಹಿಡಿದು, ತಲೆ ಬಗ್ಗಿಸಿ ನಡೆಯಬೇಕು. ಇಲ್ಲಿ ನೋಡಿದರೆ ಬೆನ್ನು ನೆಲಕ್ಕೆ ಹತ್ತಿದವನಿಗೆ, ತೀರ್ಪು ಕೊಡುವ ಪಂಚ ಒಂದರಿಂದ ಮೂರು ಎಣಿಸುವ ತನಕ ಮಲಗಲು ರಜೆ ಕೊಡುತ್ತಾನೆ!

ಬಸವರಾಜ ಮೀಸೆಯಡಿ ನಗುತ್ತಿದ್ದ. ಬಂಗಾರದವನು ಮೂಲೆಯ ಕಂಬ ಏರಿ, ಜನರಿಗೆ ಕೈಬೀಸಿ, ಜಿಗಿಯಲು ಸಜ್ಜಾದ. ಕೆಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದವನು ಒಂದು ಕಣ್ಣು ತೆರೆದು ಅವನ ಕಡೆ ನೋಡಿದ. ನೋಡಿ, ತುಸು ಸರಿದು, ಸರಿಯಾದ ಜಾಗಕ್ಕೆ ಮಲಗಿ, ಮತ್ತೆ ಪ್ರಜ್ಞೆ ತಪ್ಪಿದ. ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದರು. ಕಡೆಯ ಏಟು ಬಂತು. ಬಂಗಾರದವನು ಗುದ್ದು ಬೀಸಿದ. ಅದು ಎದುರಿನವನ ಕಿವಿಯಿಂದ ಗೇಣು ದೂರದಲ್ಲಿ ಗಾಳಿಗೆ ಹೋಯಿತು. ಗಾಳಿಗೆ ಬಡಿದ ಏಟಿಗೆ ಅವನು ಗಕ್ಕನೆ ಕೆಳಗೆ ಬಿದ್ದು ಕಾಲು ಚಾಚಿದ. ಪಂಚ ಎಣಿಸಿದ. ಗಂಟೆ ಹೊಡೆಯಿತು.

“ಏಟು ಬರೂಕಿಂತ ಮೊದಲೇ ಬಿದ್ದಾನ ಹಲಕಟ್!” ಮುತ್ಯಾ ಕುರ್ಚಿಯಿಂದ ಎದ್ದೇಬಿಟ್ಟ. “ನಾ ಬೆಳತನಕ ಕುಣದು ಸಾಯ್ತಿದ್ದೆ. ಬಿದ್ರ ಅಟ್ಟದ ಹಲಗಿ ನಡಗ್ತಿದ್ವು. ಎಂಟು ದಿನ ಪಕ್ಕಡಿ ನೋವು. ಮರುದಿನ ಹೋಟೆಲಿನ್ಯಾಗ ಚಾ ಕುಡೀತಿದ್ರ, ‘ಮುತ್ಯಾ, ನಿನ್ನೆ ಸಾಯಬಾರದಿತ್ರಿ’ ಅಂತಿದ್ರು ಮಂದಿ. ಸಾಯೂದು ಅಂದ್ರ ಸಣ್ಣ ಕೆಲಸೇನಲೇ?”

ನನ್ನ ಸಿಟ್ಟೂ ಅದೇ. ಸುಳ್ಳು ಎಂಬುದಕ್ಕಲ್ಲ. ಮುತ್ಯಾ ಸತ್ತದ್ದೂ ಸುಳ್ಳೇ. ಆದರೆ ಸುಳ್ಳಿಗೂ ಬೆವರು ಬೇಕು. ನೋಡಲು ಕುಳಿತವರು ಚಹಾ ಬಿಟ್ಟು, ನಿದ್ದೆ ಬಿಟ್ಟು ಕುಳಿತಿರುತ್ತಾರೆ. ಅವರಿಗಾಗಿ ಒಂದು ಗೇಣು ಮುಂದೆ ಬಂದು ಏಟು ತಿನ್ನಲಾಗದವನು ಆ ತೋಳನ್ನಾದರೂ ಯಾಕೆ ಬೆಳೆಸಿದ? ಅರ್ಧ ಕಾಸಿದ ಪಾಟಾಕ್ಕೆ ನಾಲ್ಕು ಏಟು ಹಾಕಿ “ಆಯ್ತು” ಅಂತ ನಾನು ಲಾರಿ ಬಿಟ್ಟಿದ್ದರೆ, ಸೊನ್ನ ಊರಿನ ಸೇತುವೆ ದಾಟುವುದರೊಳಗೆ ಅದು ಮಗ್ಗುಲಾಗುತ್ತಿತ್ತು.

ಟೀವಿ ಆರಿಸಿದೆ. ಎಲ್ಲರ ಕಣ್ಣು ನನ್ನ ಮೇಲೆ. ಬಸವರಾಜ ಮೆಲ್ಲಗೆ, ನಗದೆ ಕೇಳಿದ: “ಏನ್ರಿ ಮಾಮಾ, ಏಟು ಬಿತ್ತೇನ್ರಿ?”

ನಾನು ಉತ್ತರ ಕೊಡುವ ಮೊದಲೇ ಬಾಗಿಲ ಹತ್ತಿರ ನಿಂತಿದ್ದ ಶಾಂತಾ ಮಾತಾಡಿದಳು.

“ಬಿದ್ದದ. ನಾ ನೋಡೇನಿ. ಕಿವಿ ಕೆಳಗ, ಇಲ್ಲಿ,” ಎಂದು ತನ್ನ ಕಿವಿಯ ಕೆಳಗೇ ಬೆರಳಿಟ್ಟು ತೋರಿಸಿದಳು. “ನೀವು ಆ ಕಡಿ ಕುಂತೀರಿ, ನಿಮಗ ಕಂಡಿಲ್ಲ. ಅಪ್ಪ ಹೇಳೂದು ಖರೇ ಅದ. ಕುಸ್ತಿ ಖರೇನೇ ಅದ.”

ರೆಪ್ಪೆ ಅಲುಗಲಿಲ್ಲ. ದನಿ ನಡುಗಲಿಲ್ಲ. ಆ ಮಾತು ಗೆದ್ದರೆ ಅವಳ ಸೈನ್ಸ್ ಅಲ್ಲಿಗೇ ಮುಗಿಯುತ್ತಿತ್ತು. ಅದು ಗೊತ್ತಿದ್ದೇ, ಓಣಿಯ ಮಂದಿಯ ಮುಂದೆ ಅಪ್ಪನ ಮುಖ ಕೆಳಗಾಗಬಾರದು ಎಂದು, ಅಷ್ಟು ದೊಡ್ಡ ಏಟನ್ನು ತಾನೇ ಮುಂದೆ ಬಂದು ತಿಂದಳು. ಅಲ್ಲಿ ಕುಳಿತ ಇಬ್ಬರು ಮೂವರು “ಹೌದೇನೋ, ಬಿದ್ದಿರಬೇಕು” ಎಂದು ತಲೆಯನ್ನೂ ಆಡಿಸಿದರು. ಆ ಪರದೇಶದವರು ಸಮುದ್ರ ದಾಟಿ ಬಂದು ಅವಳ ಹತ್ತಿರ ಕಲಿತುಹೋಗಬೇಕಿತ್ತು.

ಮುತ್ಯಾ ಮಾತ್ರ ಅವಳನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಕುರ್ಚಿಯಲ್ಲಿ ಕುಳಿತ.

“ಬಿದ್ದಿಲ್ಲ ಬೇ,” ಎಂದೆ. “ಗೇಣು ದೂರ ಹೋಗ್ಯದ. ನನಗ ಕಂಡದ.” ಆಮೇಲೆ ಬಸವರಾಜನ ಕಡೆ ತಿರುಗಿ, ಮತ್ತೆ ಸಿಟ್ಟು ತಂದುಕೊಂಡು ಕೇಳಿದೆ: “ಆಳಂದಕ್ಕ ಕಡೀ ಬಸ್ಸು ಎಷ್ಟಕ್ಕದೋ ಮಾಸ್ತರ? ಹುಡುಗಿ ಅರಿವಿ ಕಟ್ಟಕೋಬೇಕು. ಹೊತ್ತಾಗ್ತದ.”

ಈಗ ನನ್ನಲ್ಲಿರುವುದು: ರಸ್ತೆಯ ಬದಿಗೆ ಒಂದು ಪಾಟಾ ಅಂಗಡಿ, ಅದರಲ್ಲಿ ದುಡಿಯುವ ನಾಲ್ಕು ಮಂದಿ. ಕಲ್ಲು ಹಾಸಿದ ಮೂರು ಕೋಣೆಯ ಮನೆ. ಮಾತು ಕೇಳದ ಒಂದು ಬಲಭುಜ. ಅಫಜಲಪುರದಲ್ಲಿ ಹುಡುಗರಿಗೆ ಸೈನ್ಸ್ ಕಲಿಸುವ ಮಗಳು, ಒಬ್ಬಳು.